ಸಂಪಾದಕರ ಉತ್ತರ: ಊರಲ್ಲೇ ಇರುತ್ತೇವೆ ಎನ್ನುವ ಹಿರಿಯರಿಗೆ

ಶಿರಸಿ ತಾಲೂಕಿನ ಹಳ್ಳಿಯೊಂದರಿಂದ 73 ವರ್ಷದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ತೋಟದ ಮನೆಯಲ್ಲಿ ಅವರು ಮತ್ತು 79ರ ಪತಿ, ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ. ಕಳೆದ ಮಳೆಗಾಲದಲ್ಲಿ ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದಂದಿನಿಂದ ‘ಇಲ್ಲಿಗೆ ಬಂದುಬಿಡಿ, ಇಲ್ಲವಾದರೆ ಒಳ್ಳೆಯ ವೃದ್ಧಾಶ್ರಮ ನೋಡುತ್ತೇವೆ’ ಎಂದು ಮಕ್ಕಳ ಒತ್ತಾಯ. ‘ನಮಗೆ ಇಲ್ಲೇ ಇರಬೇಕು. ಇದು ಮುದುಕರ ಹಟವೋ, ಅಥವಾ ಇರುವುದಕ್ಕೆ ಏನಾದರೂ ದಾರಿಯಿದೆಯೋ?’ ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದೂ ಬರೆದಿದ್ದಾರೆ.

ಅಮ್ಮಾ, ನಮಸ್ಕಾರ.

ದಾರಿ ಇದೆ. ಆದರೆ ನೀವಿಬ್ಬರೇ ಅದನ್ನು ಮಾಡಿಕೊಳ್ಳಲಾಗದು, ಮಕ್ಕಳು ಬೆಂಗಳೂರಲ್ಲಿ ಕೂತು ಮಾಡಿಸಲೂ ಆಗದು. ಊರೇ ಕೈಹಾಕಬೇಕಾದ ಕೆಲಸ ಇದರಲ್ಲಿ ಬಹಳ ಇದೆ.

ಹಾಗೆಂದು ಊರಿಗಾಗಿ ಕಾಯಬೇಡಿ, ಬಚ್ಚಲಿನಿಂದ ಶುರು ಮಾಡಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಹಿಂಬದಿಗೆ ಎರಡು ಮೆಟ್ಟಿಲು ಇಳಿದು, ಹಂಡೆಯ ಒಲೆಯ ಪಕ್ಕ. ಪಾಯಿಖಾನೆ ಅದಕ್ಕಿಂತ ದೂರ. ಮಳೆಗಾಲದಲ್ಲಿ ಅಂಗಳಕ್ಕೆ ಹಾವಸೆ ಕಟ್ಟುತ್ತದೆಂದು ದಬ್ಬೆಯನ್ನೋ ಸೋಗೆಯನ್ನೋ ಹಾಸುತ್ತೇವೆ, ಮನೆಯೊಳಗಿನ ಒದ್ದೆ ನೆಲಕ್ಕೆ ಮಾತ್ರ ಏನೂ ಮಾಡುವುದಿಲ್ಲ. ಮಗ ಮುಂದಿನ ಸಲ ಬಂದಾಗ ಮೇಸ್ತ್ರಿಯನ್ನು ಕರೆಸಲಿ. ನುಣುಪು ಟೈಲ್ಸ್ ಕಿತ್ತು ದೊರಗು ಟೈಲ್ಸ್ ಹಾಕಿಸಲಿ. ಕಮೋಡು ನೆಲದಿಂದ 45ರಿಂದ 48 ಸೆಂಟಿಮೀಟರ್ ಎತ್ತರವಿದ್ದರೆ ಮೊಣಕಾಲು ನೋವಿನವರಿಗೂ ಏಳಲು ಸುಲಭ. ಅದರ ಪಕ್ಕಕ್ಕೂ ಮೆಟ್ಟಿಲಿಗೂ ಹಿಡಿಕೆ ಬೇಕು. ಟವೆಲ್ ಹಾಕುವ ಸರಳನ್ನೇ ಹಿಡಿಕೆ ಎಂದುಕೊಂಡವರು ಹಲವರಿದ್ದಾರೆ. ಮೈಭಾರ ಬಿದ್ದರೆ ಅದು ಗೋಡೆಯಿಂದ ಕಿತ್ತೇ ಬರುತ್ತದೆ. ಗೋಡೆಯೊಳಗೆ ಗಟ್ಟಿಯಾಗಿ ಕೂರಿಸಿದ ಕಬ್ಬಿಣದ ಪೈಪು ಆಗಬೇಕು. ಕರೆಂಟು ಹೋದರೂ ಉರಿಯುವ ಒಂದು ಬಲ್ಬು ಮಲಗುವ ಕೋಣೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿರಲಿ. ಇದಿಷ್ಟಕ್ಕೆ ಆಗುವ ಖರ್ಚು ವೃದ್ಧಾಶ್ರಮದ ಡಿಪಾಸಿಟ್ಟಿನ ಹತ್ತಿರವೂ ಬರಲಿಕ್ಕಿಲ್ಲ.

ಇನ್ನು ಉಣಗೋಲಿನ, ಅಂದರೆ ಮನೆಯ ಬೇಲಿಬಾಗಿಲಿನ, ಆಚೆಯದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ 33 ನಗರಗಳ ಹಿರಿಯರ ಮಾತು ಕೇಳಿ, ಹಿರಿಯರಿಗೆ ಹೊಂದುವ ನಗರ ಹೇಗಿರಬೇಕೆಂಬ ಮಾರ್ಗದರ್ಶಿಯೊಂದನ್ನು ಹೊರತಂದಿತು. ರಸ್ತೆ, ಸಾರಿಗೆ, ಮನೆ, ಆರೋಗ್ಯ ಸೇವೆಗಳ ಜತೆಗೆ ಗೌರವ, ಒಡನಾಟ, ಮಾಹಿತಿ, ದುಡಿಯುವ ಅವಕಾಶ ಎಲ್ಲವೂ ಅದರಲ್ಲಿವೆ. ಅದು ನಗರಗಳಿಗೆ ಬರೆದದ್ದು. ಹಳ್ಳದ ಕಾಲುಸಂಕ ದಾಟಿ ಬಸ್ಸಿಗೆ ಹೋಗುವವರ ಲೆಕ್ಕವನ್ನು ನಾವೇ ಸೇರಿಸಿಕೊಳ್ಳಬೇಕು. ನಮ್ಮ ವಾಯವ್ಯ ಸಾರಿಗೆ ಬಸ್ಸಿನಲ್ಲಿ 60 ದಾಟಿದವರಿಗೆ ಟಿಕೆಟ್ಟಿನಲ್ಲಿ ಶೇಕಡಾ 25 ರಿಯಾಯಿತಿ ಇದೆ. 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣವೇ ಉಚಿತ. ಟಿಕೆಟ್ಟು ಅಗ್ಗವಾಯಿತು, ಬಸ್ಸಿನ ಮೆಟ್ಟಿಲು ತಗ್ಗಲಿಲ್ಲ. ನಿಲ್ದಾಣದಲ್ಲಿ ಮೆಟ್ಟಿಲ ಮಟ್ಟಕ್ಕೆ ಒಂದು ಕಟ್ಟೆ, ಸಂಕಕ್ಕೆ ಎರಡೂ ಕಡೆ ಹಿಡಿಕೆ, ಕೂರಲು ಒಂದು ಬೆಂಚು: ಇವನ್ನು ಗ್ರಾಮಸಭೆಯಲ್ಲಿ ಕೇಳಿ ಬರೆಸಬಹುದು. ಕರಾವಳಿಯವರ ಕಷ್ಟ ಬೇರೆ. ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಚತುಷ್ಪಥ ಹೆದ್ದಾರಿ ಊರನ್ನೇ ಸೀಳಿಕೊಂಡು ಹೋಗಿದೆ. ಎದುರು ಬದಿಯ ಬಸ್ಸು ಹಿಡಿಯಲು ಕೋಲೂರಿ ಹೆದ್ದಾರಿ ದಾಟುವವರನ್ನು ಕಂಡರೆ ಎದೆ ನಡುಗುತ್ತದೆ.

ಎಲ್ಲದಕ್ಕೂ ಹಿರಿಯರೇ ಹೊರಗೆ ಬರಬೇಕೆಂದೂ ಇಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರು ಬಯಸಿದರೆ ಮನೆಯಲ್ಲೇ ಮತ ಹಾಕುವ ವ್ಯವಸ್ಥೆಯಾಯಿತು. ಅಧಿಕಾರಿಗಳು ಮತಪತ್ರ ಹಿಡಿದು ಮನೆಬಾಗಿಲಿಗೆ ಹೋದರು. ಐದು ವರ್ಷಕ್ಕೊಮ್ಮೆ ಹೋಗಲು ಸಾಧ್ಯವಾದ ಮನೆಗೆ ತಿಂಗಳಿಗೊಮ್ಮೆ ಬಿ.ಪಿ. ನೋಡಲು ಹೋಗುವುದೂ ಸಾಧ್ಯವೆಂದು ನಾನು ನಂಬುತ್ತೇನೆ. 70 ದಾಟಿದವರ ಮನೆಗೇ ಬ್ಯಾಂಕ್ ಸೇವೆ ಮುಟ್ಟಿಸುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಪಿಂಚಣಿದಾರರ ಜೀವನ ಪ್ರಮಾಣಪತ್ರವನ್ನು ಪೋಸ್ಟ್‌ಮ್ಯಾನ್ ಮನೆಯಲ್ಲೇ ಮಾಡಿಕೊಡುತ್ತಾರೆ. ಕೇಳಿ ಪಡೆಯಿರಿ. ಯಾವುದೇ ತೊಂದರೆಗೆ ಹಿರಿಯರ ಸಹಾಯವಾಣಿ 14567, ಕರೆ ಉಚಿತ.

ನನಗೆ ಹೆಚ್ಚು ಭರವಸೆ ಇರುವುದು ಸರ್ಕಾರದ ಮೇಲಲ್ಲ, ನಿಮ್ಮೂರ ಸೇವಾ ಸಹಕಾರಿ ಸಂಘದ ಮೇಲೆ. ಅಮೆರಿಕದ ಬಾಸ್ಟನ್ನಿನ ಬೀಕನ್ ಹಿಲ್ ಎಂಬಲ್ಲಿ ನೆರೆಹೊರೆಯ ಹಿರಿಯರೇ ಸೇರಿ 2002ರಲ್ಲಿ ಒಂದು ಸಂಘ ಶುರು ಮಾಡಿದರು. ವರ್ಷಕ್ಕಿಷ್ಟು ಎಂದು ಸದಸ್ಯತ್ವದ ಹಣ. ನಲ್ಲಿ ಕೆಟ್ಟರೆ, ಆಸ್ಪತ್ರೆಗೆ ಹೋಗಬೇಕಾದರೆ, ಸಾಮಾನು ಬೇಕಾದರೆ ಒಂದೇ ನಂಬರಿಗೆ ಫೋನು. ವೃದ್ಧಾಶ್ರಮಕ್ಕೆ ಹೋಗದೆ ತಮ್ಮ ಮನೆಯಲ್ಲೇ ಇರಬೇಕೆಂಬುದೇ ಅವರ ಉದ್ದೇಶವಾಗಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ಶಿರಸಿ. ಅಡಿಕೆ ಬೆಳೆಗಾರರು ಮಾರಾಟಕ್ಕಾಗಿ 1923ರಲ್ಲೇ ತೋಟಗಾರ್ಸ್ ಸಂಘ ಕಟ್ಟಿದ ನೆಲ ಇದು. ಸಂಘದಲ್ಲಿ ನಿಮ್ಮ ಖಾತೆಯಿದೆ, ಷೇರಿದೆ, ಕಾರ್ಯದರ್ಶಿಗೆ ನಿಮ್ಮ ಮನೆ ಗೊತ್ತು. ನಂಬಿಕೆಯ ಇಬ್ಬರು ಹುಡುಗರು, ಒಂದು ವಾಹನ, ದಿನಕ್ಕೊಮ್ಮೆ ‘ಹೇಗಿದ್ದೀರಿ’ ಎಂದು ವಿಚಾರಿಸುವ ಒಂದು ಫೋನು. ಜೋರು ಮಳೆಗೆ ಟವರ್ ಕೈಕೊಟ್ಟ ದಿನ ಹುಡುಗ ಮನೆಗೇ ಹೋಗಿ ನೋಡಿ ಬರಬೇಕು. ಖರ್ಚನ್ನು ದೂರದಲ್ಲಿರುವ ಮಕ್ಕಳು ಸಂತೋಷದಿಂದ ಕೊಡುತ್ತಾರೆ. ದುಡ್ಡು ಕಳಿಸಲು ಅವರು ತಯಾರಿದ್ದಾರೆ, ಇಲ್ಲಿ ಕೆಲಸ ಮಾಡಿಸುವವರು ಸಿಗುತ್ತಿಲ್ಲ.

ಮಕ್ಕಳ ಹೆದರಿಕೆ ಹುಸಿಯಲ್ಲ, ಅದನ್ನೂ ಹೇಳಬೇಕು. ಗಂಭೀರ ಕಾಯಿಲೆಗೆ ನಮ್ಮ ಜಿಲ್ಲೆಯ ಜನ ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡಬೇಕಾಗುತ್ತದೆ. ಮರೆವಿನ ಕಾಯಿಲೆ ಬಂದರೆ, ಹಾಸಿಗೆ ಹಿಡಿದರೆ, ಇಬ್ಬರಲ್ಲಿ ಒಬ್ಬರೇ ಉಳಿದರೆ ಲೆಕ್ಕ ಬದಲಾಗುತ್ತದೆ. ಅಂಥ ಹೊತ್ತಿನಲ್ಲಿ ಏನು ಮಾಡುವುದೆಂದು ಈಗಲೇ, ಆರೋಗ್ಯವಿರುವಾಗಲೇ, ಮಕ್ಕಳ ಜತೆ ಕೂತು ಮಾತಾಡಿ. ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ನೀವಿರುವುದನ್ನು ಯಾರೂ ಹಟವೆನ್ನಬಾರದು.

ಸಂಘದ ವಾರ್ಷಿಕ ಮಹಾಸಭೆ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಈ ವಿಷಯ ಚರ್ಚೆಗೆ ಬರಲೆಂದು ಕಾರ್ಯದರ್ಶಿಗೆ ಈಗಲೇ ಒಂದು ಅರ್ಜಿ ಕೊಡಿ. ನಿಮ್ಮ ಹಾಗೇ ಇಬ್ಬಿಬ್ಬರೇ ಇರುವ ಮನೆಯವರ ಸಹಿಯನ್ನೂ ಹಾಕಿಸಿ. ಸಭೆಯಲ್ಲಿ ಏನಾಯಿತೆಂದು ಬರೆದು ತಿಳಿಸಿ, ಪ್ರಕಟಿಸುತ್ತೇವೆ.

— ಸಂಪಾದಕ