ಆನೆಯೊಳಗೆ ದೇವರು ಜಾಸ್ತಿಯಾ?

ಕಳೆದ ಸಂಚಿಕೆಯಲ್ಲಿ ಕ್ರೈಸ್ತ ಧರ್ಮಚಿಂತಕ ಅಗಸ್ಟಿನ್ ಬಗ್ಗೆ ಬಂದ ಲೇಖನ ಓದಿ ಧಾರವಾಡದ ಓದುಗರೊಬ್ಬರು ಖಾರವಾಗಿ ಬರೆದಿದ್ದಾರೆ. ಸಾರ ಇಷ್ಟು: ‘ಬದಲಾಗದ ದೇವರು, ದೇಹವಿಲ್ಲದ ದೇವರು, ಎಲ್ಲ ಗ್ರೀಕ್ ತತ್ವಜ್ಞಾನಿ ಪ್ಲೇಟೊನ ಸರಕು. ಕ್ರೈಸ್ತರು ಕದ್ದು ಅದರ ಮೇಲೆ ಶಿಲುಬೆ ಅಂಟಿಸಿದರು. ಹಾಗಂತ ಒಪ್ಪಿಕೊಳ್ಳೋಕೆ ನಿಮ್ಮ ಲೇಖಕರಿಗೇನು ಕಷ್ಟ?’

ಕಷ್ಟ ಏನಿಲ್ಲ ಸ್ವಾಮಿ. ತಂದದ್ದು ನಿಜ. ತಂದವನೇ, ಅಂದರೆ ಅಗಸ್ಟಿನ್, ಬಾಯಿಬಿಟ್ಟು ಹೇಳಿದ್ದಾನೆ. ಕಳ್ಳ ಹಾಗೆ ಹೇಳುತ್ತಾನಾ?

ಅಗಸ್ಟಿನ್ ಹುಟ್ಟಿದ್ದು 354ರಲ್ಲಿ, ಈಗಿನ ಅಲ್ಜೀರಿಯಾದಲ್ಲಿ. ತಾಯಿ ಕ್ರೈಸ್ತಳು. ಮಗ ಮಾತ್ರ ಒಂಬತ್ತು ವರ್ಷ ಮಾನಿ ಪಂಥದವರ ಹಿಂದೆ ಓಡಾಡಿದ. ಬೆಳಕು ಒಂದು ಕಡೆ, ಕತ್ತಲೆ ಒಂದು ಕಡೆ, ಎರಡಕ್ಕೂ ಕುಸ್ತಿ, ನಡುವೆ ನಾವು, ಇದು ಅವರ ಲೆಕ್ಕ. ಆ ನಂಬಿಕೆ ಕಳಚಿದ ಮೇಲೂ ಒಂದು ತೊಡಕು ಉಳಿಯಿತು. ಜಾಗ ಹಿಡಿಯದೇ ಇರೋದು ಏನಾದರೂ ಇರಬಹುದು ಅನ್ನೋದೇ ಅವನ ತಲೆಗೆ ಹೋಗುತ್ತಿರಲಿಲ್ಲ. ತನ್ನ ಆತ್ಮಕಥೆ ‘ಕನ್ಫೆಷನ್ಸ್’ನ ಏಳನೇ ಭಾಗದಲ್ಲಿ ಅದನ್ನು ಮುಚ್ಚಿಡದೆ ಬರೆದಿದ್ದಾನೆ. ದೇವರು ಅಂದರೆ ದಡವಿಲ್ಲದ ಸಮುದ್ರ, ಸೃಷ್ಟಿಯೆಲ್ಲ ಅದರೊಳಗೆ ಮುಳುಗಿದ ದೊಡ್ಡ ಸ್ಪಂಜು, ಎಲ್ಲಿ ಹಿಂಡಿದರೂ ಆ ನೀರೇ. ಚೆಂದದ ಚಿತ್ರ, ಅಲ್ವಾ? ಆದರೆ ಹೀಗೆ ಯೋಚಿಸಿದರೆ ಗುಬ್ಬಚ್ಚಿಗಿಂತ ಆನೆಯೊಳಗೆ ದೇವರು ಜಾಸ್ತಿ ಇರಬೇಕಾಗುತ್ತದೆ. ಇದು ಮುಂದೆ ಅವನೇ ತನ್ನನ್ನು ಗೇಲಿ ಮಾಡಿಕೊಂಡು ಬರೆದದ್ದು, ಆನೆ ನಾನು ತಂದು ಕಟ್ಟಿದ್ದಲ್ಲ.

386ರ ಹೊತ್ತಿಗೆ ಮಿಲಾನ್‌ನಲ್ಲಿ ‘ಪ್ಲೇಟೊವಾದಿಗಳ ಪುಸ್ತಕಗಳು’ ಕೈಗೆ ಸಿಕ್ಕವು. ಅಂದರೆ ಪ್ಲೇಟೊಗಿಂತ ಸುಮಾರು ಆರು ನೂರು ವರ್ಷ ಈಚಿನ, ಅವನದೇ ದಾರಿ ಹಿಡಿದ ತತ್ವಜ್ಞಾನಿ ಪ್ಲೊಟೈನಸ್‌ನ ಕಡೆಯವು. ಓದಿದ್ದೂ ಲ್ಯಾಟಿನ್ ಅನುವಾದದಲ್ಲಿ. ಹುಡುಗನಾಗಿದ್ದಾಗಿಂದ ಅವನಿಗೆ ಗ್ರೀಕ್ ಕಂಡರೆ ಆಗುತ್ತಿರಲಿಲ್ಲ. ಅಲ್ಲಿಂದ ಒಂದು ಪ್ರಶ್ನೆ ಎದ್ದಿತು: ಸತ್ಯ ಯಾವ ಜಾಗದಲ್ಲೂ ಹರಡಿಕೊಂಡಿಲ್ಲ, ಹಾಗಂತ ಸತ್ಯ ಇಲ್ಲವೇ ಇಲ್ಲ ಅನ್ನೋಕಾಗುತ್ತಾ? ಅಷ್ಟೇ ಸಾಕಾಯಿತು, ಸ್ಪಂಜು ಬಿದ್ದುಹೋಯಿತು. ಕೆಡುಕು ಎಲ್ಲಿಂದ ಬಂತು ಅನ್ನೋ ಗಂಟೂ ಬಿಚ್ಚಿತು. ಕೆಡುಕು ಬೇರೆಯೇ ಒಂದು ವಸ್ತುವಲ್ಲ, ಒಳ್ಳೆಯದರಲ್ಲಿ ಆದ ಕೊರತೆ. ಪಂಚೆಯ ತೂತಿನ ಹಾಗೆ ಅನ್ನಿ, ಪಂಚೆಯೇ ಇಲ್ಲದೆ ಬರೀ ತೂತು ಇರೋಕಾಗಲ್ಲ.

ಆ ಪುಸ್ತಕಗಳಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತಲೂ ಲೆಕ್ಕ ಒಪ್ಪಿಸಿದ್ದಾನೆ. ‘ಆದಿಯಲ್ಲಿ ವಾಕ್ಯವಿತ್ತು’ ಅನ್ನೋದರ ಅರ್ಥ ಸಿಕ್ಕಿತು. (ಗ್ರೀಕಿನ ‘ಲೋಗೊಸ್’ಗೆ ನಮ್ಮ ಬೈಬಲ್ಲಿನಲ್ಲಿ ‘ವಾಕ್ಯ’. ಮಾತು, ವಿವೇಕ, ಜಗತ್ತನ್ನು ಹಿಡಿದಿಟ್ಟ ಕ್ರಮ, ಎಲ್ಲ ಆ ಒಂದೇ ಪದದಲ್ಲಿದೆ. ನಮಗೋ ವ್ಯಾಕರಣದ ಪಾಠ ನೆನಪಾಗುತ್ತದೆ.) ಆದರೆ ಆ ವಾಕ್ಯವೇ ಮನುಷ್ಯನಾಗಿ ಬಂತು ಅನ್ನೋದು ಅಲ್ಲೆಲ್ಲೂ ಸಿಗಲಿಲ್ಲ. ಸಿಗೋದೂ ಇಲ್ಲ. ಪ್ಲೊಟೈನಸ್‌ನ ‘ಒಂದು’, ಅಂದರೆ ಎಲ್ಲಕ್ಕೂ ಮೂಲವಾದ ಪರತತ್ವ, ನಮ್ಮನ್ನು ಬಯಸೋದಿಲ್ಲ, ಬಯಸಿ ಹತ್ತಿ ಹೋಗಬೇಕಾದವರು ನಾವು. ಅಗಸ್ಟಿನ್‌ನ ದೇವರು ತಾನೇ ಇಳಿದು ಬರುವವನು. ಅದಕ್ಕೇ ನೋಡಿ, ‘ಕನ್ಫೆಷನ್ಸ್’ ಪುಸ್ತಕವಿಡೀ ದೇವರನ್ನು ‘ನೀನು’ ಅಂತ ಕರೆದು ಆಡಿದ ಮಾತು.

ಹಾಗಂತ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಬೈಬಲ್ಲಿನಲ್ಲಿ ಬರುವ ನೋಹನ ಪ್ರಳಯದ ಕಥೆಯ ದೇವರು ಮನುಷ್ಯರನ್ನು ಸೃಷ್ಟಿಸಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾನೆ, ನೊಂದುಕೊಳ್ಳುತ್ತಾನೆ. ಬದಲಾಗದ ದೇವರಿಗೆ ಪಶ್ಚಾತ್ತಾಪ ಎಲ್ಲಿಂದ? ದೇವರ ಕೋಪ ಮನಸ್ಸಿನ ಕಲಕಾಟವಲ್ಲ, ಅದು ತೀರ್ಪು ಅಂತ ಅಗಸ್ಟಿನ್ ಉತ್ತರ ಕೊಡುತ್ತಾನೆ. ಜಾಣ ಉತ್ತರ. ಆದರೆ ಆ ಕಥೆ ಬರೆದವನು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ ಅಂತ ನನಗನ್ನಿಸುತ್ತದೆ. ಇದೊಂದು ಜಾಗದಲ್ಲಿ ನಾನು ನಿಮ್ಮ ಪಕ್ಷ. ‘ಕದ್ದರು’ ಅನ್ನೋ ಮಾತನ್ನು ಮಾತ್ರ ಒಪ್ಪಲ್ಲ.

– ಸಂ.