ಸೇನೆಯಲ್ಲಿದ್ದಾಗ ಬಂದ ಬಿಪಿಗೆ ಮೆಡಿಕಲ್ ಬೋರ್ಡು 30% ಅಂಗವೈಕಲ್ಯ ಅಂತ ಬರೆದಿದೆ, ಆದರೆ ಸೇವೆಗೆ ಸಂಬಂಧವಿಲ್ಲ ಅಂತ ಡಿಸೆಬಿಲಿಟಿ ಪೆನ್ಷನ್ ತಿರಸ್ಕಾರವಾಗಿದೆ. ಅಪೀಲ್‌ನಲ್ಲಿ 30% ಅನ್ನು 50%ಗೆ ಏರಿಸಿ ಅಂತ ಕೇಳಬೇಕಾ?

ನಿಮ್ಮ 30% ನೋಡಿದ ಕೂಡಲೇ ನನ್ನ ಟ್ರಂಕಿನಲ್ಲಿರುವ ಕಾಗದ ಕಣ್ಣಮುಂದೆ ಬಂತು ಸರ್. ನನಗೂ ಬಿಪಿ, ನನಗೂ 30%, ನನಗೂ ಅದೇ ಸಾಲು: ‘ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ.’

ಫಸ್ಟ್ ಅಪೀಲ್‌ಗೆ ಮೂರು ಪುಟ ಬರೆದೆ. ಮೂರೂ ಪುಟ ಪರ್ಸೆಂಟ್ ಬಗ್ಗೆಯೇ. 30 ಸಾಲದು, ಮಾತ್ರೆ ಎರಡಿದ್ದದ್ದು ಮೂರಾಗಿದೆ, ಇಸಿಜಿ ಲಗತ್ತಿಸಿದ್ದೇನೆ, ಹೀಗೆ. ಆದರೆ ನನಗೆ ಬಿಪಿ ಇಲ್ಲ ಅಂತ ಬೋರ್ಡು ಹೇಳಿರಲೇ ಇಲ್ಲ! ಪೀಸ್ ಸ್ಟೇಷನ್‌ನಲ್ಲಿ (ಗಡಿಯ ಕಷ್ಟದ ಡ್ಯೂಟಿ ಇಲ್ಲದ ಜಾಗದಲ್ಲಿ) ಪತ್ತೆಯಾಗಿದೆ, ಹಾಗಾಗಿ ಸೇವೆಗೂ ಅದಕ್ಕೂ ಸಂಬಂಧವಿಲ್ಲ ಅಂದಿತ್ತು. ಪತ್ತೆಯಾದದ್ದು ಪೀಸ್‌ನಲ್ಲೇ, ನಿಜ. ಆಗ ನಾನು ಹೈ ಆಲ್ಟಿಟ್ಯೂಡ್‌ ಪೋಸ್ಟಿಂಗ್‌ನಿಂದ (ತುಂಬಾ ಎತ್ತರದ ಬೆಟ್ಟದ ಡ್ಯೂಟಿಯಿಂದ) ಇಳಿದು ಬರೀ ನಾಲ್ಕು ತಿಂಗಳಾಗಿತ್ತು. ಈ ಒಂದು ಸಾಲು ನಾನು ಬರೆಯಲಿಲ್ಲ. ಪೋಸ್ಟಿಂಗ್ ಎಲ್ಲ ಅವರ ದಾಖಲೆಯಲ್ಲೇ ಇದೆಯಲ್ಲ, ನೋಡ್ಕೊಳ್ತಾರೆ ಅಂದುಕೊಂಡೆ. ಯಾರೂ ನೋಡಲಿಲ್ಲ. ಮೂರು ಪುಟ ಬರೆದದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಬೇಜಾರಾಗಿ ಫೈಲನ್ನು ಆರು ವರ್ಷ ಟ್ರಂಕಿಗೆ ಹಾಕಿದೆ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದೆ (ಕರ್ನಾಟಕದವರಿಗೆ ಕೊಚ್ಚಿ ಪೀಠ). ವಕೀಲರು ಪೋಸ್ಟಿಂಗ್ ಪಟ್ಟಿಯನ್ನೇ ಮೊದಲು ಇಟ್ಟರು. ಗೆದ್ದೆ. ಆದರೆ ಬಾಕಿ ಸಿಕ್ಕಿದ್ದು ಕೇಸ್ ಹಾಕುವುದಕ್ಕೆ ಹಿಂದಿನ ಮೂರು ವರ್ಷದ್ದು ಮಾತ್ರ. ಸುಪ್ರೀಂ ಕೋರ್ಟಿನ 2008ರ ತರ್ಸೆಮ್ ಸಿಂಗ್ ತೀರ್ಪಿನ ಲೆಕ್ಕ ಅದು. ಉಳಿದದ್ದು ಹೋದ ಹಾಗೇ.

ಹಾಗಾಗಿ 50 ಕೇಳಬೇಕಾ ಅನ್ನೋ ಪ್ರಶ್ನೆಯೇ ತಪ್ಪು. ಸೇವೆಗೂ ಕಾಯಿಲೆಗೂ ಸಂಬಂಧ ಇದೆ ಅಂತ ಒಪ್ಪಿಸಿ, ಆಗ 30 ಇದ್ದದ್ದು 50ಕ್ಕೆ ರೌಂಡ್ ಆಗುತ್ತದೆ. ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪು ಬಂದ ಮೇಲೆ, ಕಾಯಿಲೆಯಿಂದ ಮಧ್ಯದಲ್ಲೇ ಹೊರಬಂದವರಿಗೆ ಮಾತ್ರವಲ್ಲ, ಸೇವೆಯ ಟರ್ಮ್ ಪೂರ್ತಿ ಮುಗಿಸಿ ಬಂದವರಿಗೂ ಇದು ಸಿಗುತ್ತಿದೆ. ಭರ್ತಿಯಾದಾಗ ನಿಮ್ಮ ಮೆಡಿಕಲ್ ಕಾಗದದಲ್ಲಿ ಈ ಕಾಯಿಲೆ ಇರಲಿಲ್ಲ ಅಲ್ವಾ? ಹಾಗಿದ್ದರೆ ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಅವರದು. ಅದೇ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳಿದ್ದು ಇದನ್ನೇ. (2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾಗಿದ್ದರೆ ಹೊಸ ನಿಯಮ ಇದೆ. ನನ್ನ ಲೆಕ್ಕ ಸುಮ್ನೆ ಹಾಗೇ ತಗೋಬೇಡಿ.)

ಬೋರ್ಡಿನ ಪೂರ್ತಿ ಕಾಗದ ತರಿಸಿಕೊಳ್ಳಿ, ಕೊಡದಿದ್ದರೆ ಆರ್‌ಟಿಐ ಹಾಕಿ. ಕಾಯಿಲೆ ಪತ್ತೆಯಾದ ತಾರೀಕಿನ ಪಕ್ಕದಲ್ಲಿ ಅದಕ್ಕೂ ಮುಂಚಿನ ಪೋಸ್ಟಿಂಗ್ ಬರೆದು ನೋಡಿ. ಅಪೀಲ್‌ಗೆ ಆರು ತಿಂಗಳ ಗಡುವು ಇರುತ್ತದೆ. ತಿರಸ್ಕಾರದ ಪತ್ರ ಯಾವಾಗ ಬಂತು ಅಂತ ನೀವು ಬರೆದೇ ಇಲ್ಲವಲ್ಲ?