ಸ್ಮಾರ್ಟ್ ಥರ್ಮೋಸ್ಟಾಟ್ ಮಾತ್ರ ಪದೇ ಪದೇ ವೈಫೈ ಕಳೆದುಕೊಳ್ಳುವುದೇಕೆ?

ಉಳಿದ ಸಾಧನಗಳಿಗೆ ವೈಫೈ ಸರಿಯಾಗಿ ಸಿಗುತ್ತಿದ್ದು, ಹೀಟರ್ ಅಥವಾ ಎಸಿಯನ್ನು ನಿಯಂತ್ರಿಸಿ ಮನೆಯ ಉಷ್ಣತೆ ಕಾಯುವ ಥರ್ಮೋಸ್ಟಾಟ್ ಒಂದೇ ಆಗಾಗ ಸಂಪರ್ಕ ಕಡಿದುಕೊಳ್ಳುತ್ತಿದ್ದರೆ, ರೂಟರ್‌ಗಿಂತ ಮೊದಲು ಅದಕ್ಕೆ ಸಿಗುವ ವಿದ್ಯುತ್ತನ್ನು ಅನುಮಾನಿಸಬೇಕು. 24 ವೋಲ್ಟ್ ನಿಯಂತ್ರಣವುಳ್ಳ ಹೀಟರ್-ಎಸಿ ವ್ಯವಸ್ಥೆಗಳಲ್ಲಿ ಥರ್ಮೋಸ್ಟಾಟ್‌ಗೆ ನಿರಂತರ ವಿದ್ಯುತ್ ಒದಗಿಸುವುದು ‘ಸಿ’ ಎಂಬ ಗುರುತಿನ ತಂತಿ. ಅದಿಲ್ಲದ ಕಡೆ ಕೆಲವು ಮಾದರಿಗಳು ಹೀಟರ್ ಅಥವಾ ಎಸಿಯನ್ನು ನಿಯಂತ್ರಿಸುವ ತಂತಿಗಳಿಂದಲೇ ಅಲ್ಪಸ್ವಲ್ಪ ವಿದ್ಯುತ್ ಎಳೆದುಕೊಂಡು ತಮ್ಮೊಳಗಿನ ಬ್ಯಾಟರಿಯನ್ನು ತುಂಬಿಸಿಕೊಳ್ಳುತ್ತವೆ. ವೈಫೈ ಹೆಚ್ಚು ವಿದ್ಯುತ್ ಬೇಡುವುದರಿಂದ, ಬ್ಯಾಟರಿ ಕುಗ್ಗಿದಾಗ ಉಷ್ಣತೆಯ ನಿಯಂತ್ರಣವಾದರೂ ಉಳಿಯಲೆಂದು ಇಂಥ ಸಾಧನ ಮೊದಲು ವೈಫೈಯನ್ನೇ ಆಫ್ ಮಾಡುತ್ತದೆ. ಹೀಗಾಗಿಯೇ ಗೋಡೆಯ ಮೇಲಿನ ಪರದೆಯಲ್ಲಿ ಉಷ್ಣತೆ ಕಾಣುತ್ತಿದ್ದರೂ ಫೋನಿನ ಆ್ಯಪ್ ‘ಆಫ್‌ಲೈನ್’ ಎಂದು ತೋರಿಸುತ್ತದೆ. ಆಗ ಪಾಸ್‌ವರ್ಡ್ ಮತ್ತೆ ಮತ್ತೆ ಹಾಕುವುದು ವ್ಯರ್ಥ ಶ್ರಮ.

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಮಟ್ಟವನ್ನು ನೋಡಿ. ಕಡಿಮೆಯಿದ್ದರೆ, ಸೌಲಭ್ಯವಿರುವ ಮಾದರಿಯನ್ನು ಯುಎಸ್‌ಬಿ ಮೂಲಕ ಚಾರ್ಜ್ ಮಾಡುವುದು ತಾತ್ಕಾಲಿಕ ಉಪಾಯ. ‘ಸಿ’ ತಂತಿಯನ್ನೋ ತಯಾರಕರು ಸೂಚಿಸಿದ ಅಡಾಪ್ಟರನ್ನೋ ಜೋಡಿಸುವುದೇ ನಿಜವಾದ ಪರಿಹಾರ. ತಂತಿಗಳನ್ನು ಮುಟ್ಟುವ ಮುನ್ನ ಆ ವ್ಯವಸ್ಥೆಗೆ ವಿದ್ಯುತ್ ಕಡಿಯುವ ಬ್ರೇಕರ್ ಸ್ವಿಚ್ಚನ್ನು ಆಫ್ ಮಾಡಲೇಬೇಕು. ಬ್ಯಾಟರಿ ಸರಿಯಾಗಿಯೇ ಇದ್ದರೆ, ಹಲವು ಥರ್ಮೋಸ್ಟಾಟ್‌ಗಳು ವೈಫೈಯ 2.4 ಗಿಗಾಹರ್ಟ್ಸ್ ತರಂಗ ಬ್ಯಾಂಡನ್ನಷ್ಟೇ ಬಳಸಬಲ್ಲವಾದ್ದರಿಂದ, ರೂಟರಿನಲ್ಲಿ ಅದು ಚಾಲೂ ಇದೆಯೇ ಎಂದು ಪರೀಕ್ಷಿಸಿ.